ಪಾರ್ಕಿಂಗಿನ ಕೆಳಗಿನ ಬಾವಿ

"ಇಲ್ಲೇ ಕಣ್ರಪ್ಪಾ" ಎಂದು ದೊಡ್ಡಪ್ಪ ಜಕ್ಕೂರಿನ ನಮ್ಮ ಅಪಾರ್ಟ್‌ಮೆಂಟಿನ ಪಾರ್ಕಿಂಗಿನಲ್ಲಿ ಎರಡು ಕಾರುಗಳ ನಡುವೆ ನಿಂತರು.

ಮೇಲೆ ಮನೆಯಲ್ಲಿ ನಾವು ಸ್ಕೂಬಾ ಗೆಳೆಯರು, ಡೈವಿಂಗಿಗೆ ಯಾವ ಜಾಗ ಚೆಂದವೆಂದು ವಾದಿಸುತ್ತಿದ್ದೆವು. ನಾನು ನೇತ್ರಾಣಿ ದ್ವೀಪ ಎಂದೆ. ಕೇಳುತ್ತ ಕೂತಿದ್ದ ದೊಡ್ಡಪ್ಪ, ತಮ್ಮ ಜಾಗ ತೋರಿಸುತ್ತೇನೆಂದು ಕೆಳಗೆ ಕರೆತಂದಿದ್ದರು.

ಅಲ್ಲಿ ಅವರ ಹೊಲದ ಬಾವಿಯಿತ್ತಂತೆ. ಹುಡುಗರಾಗಿದ್ದಾಗ ಅದರಲ್ಲಿ ಮುಳುಗು ಹಾಕಿದವರು ತಳದ ಮಣ್ಣನ್ನು ಮುಷ್ಟಿಯಲ್ಲಿ ತಂದು ತೋರಿಸಿದರೆ ಮಾತ್ರ ತಳ ಮುಟ್ಟಿದ ಲೆಕ್ಕವಂತೆ. "ಒಂದ್ಸಲಾನೂ ಬರಿಗೈಲಿ ಬಂದಿಲ್ಲ" ಎಂದು ಮುಷ್ಟಿ ಬಿಗಿದು ತೋರಿಸಿದರು.

"ಮುಚ್ಚಿದ್ಯಾರು ಅಂಕಲ್?" ಗೆಳತಿಯೊಬ್ಬಳು ಕೇಳಿದಳು.

"ನಾನೇ ಕಣಮ್ಮಾ. ಜಾಗ ಮಾರ್ಬೇಕಿತ್ತು. ಟ್ರ್ಯಾಕ್ಟರಲ್ಲಿ ಮಣ್ಣು ಹೊಡೆಸ್ದೆ."

ಸಮುದ್ರದ ತಳದಲ್ಲಿ ಏನನ್ನೂ ಮುಟ್ಟಬಾರದೆಂಬುದು ನಮ್ಮ ನಿಯಮ. ನೇತ್ರಾಣಿಯಲ್ಲಿ ಬರಿಗೈಯಲ್ಲಿ ಮೇಲೆ ಬರುವಾಗಲೆಲ್ಲ, ಅಂದು ಬಾವಿಯ ಮಾತು ಮುಗಿದ ಮೇಲೂ ದೊಡ್ಡಪ್ಪ ಬಿಚ್ಚದೇ ಇದ್ದ ಖಾಲಿ ಮುಷ್ಟಿ ನೆನಪಾಗುತ್ತದೆ.