ಕಾರ್ಡ್ ಇಲ್ಲದ ಕ್ಯಾಮೆರಾ

ದೆವ್ವ, ಭೂತ, ಶಕುನ ಎಲ್ಲವೂ ಕೆಲಸವಿಲ್ಲದವರ ಮಾತು ಎಂದು ನಾನು ನಗುತ್ತಿದ್ದೆ. ಈಗ ನಗುವುದಿಲ್ಲ, ಹಾಗಂತ ಪೂರ್ತಿ ನಂಬುತ್ತೇನೆ ಎಂದೂ ಹೇಳಲಾರೆ. ನಾನು ಹೆಚ್ಚು ಓದಿದವನಲ್ಲ. ಎಂಟನೆಯ ತರಗತಿಗೆ ಶಾಲೆ ಬಿಟ್ಟು ಡೊಂಬಿವಲಿಯ ಒಂದು ಫೋಟೋ ಸ್ಟುಡಿಯೋದಲ್ಲಿ ಲೈಟ್ ಹಿಡಿಯಲು ಸೇರಿದೆ. ಕ್ರಮೇಣ ಕ್ಯಾಮೆರಾ ಕೈಗೆ ಬಂತು. ನನ್ನ ತಂಗಿಯ ಮದುವೆಯ ದಿನ ಕಂಡದ್ದನ್ನು ಇಷ್ಟು ವರ್ಷ ಯಾರಿಗೂ ಹೇಳಿಲ್ಲ. ಅದನ್ನು ಹೇಳಬೇಕಾದರೆ ನಾನು ಮಾಡಿದ್ದನ್ನೂ ಹೇಳಬೇಕಾಗುತ್ತದೆ.

ನಮ್ಮದು ವಿಜಯಪುರದ ಕಡೆಯ ಮನೆತನ. ಅಪ್ಪ ಕಲ್ಯಾಣದಲ್ಲಿ ಗೋಡೆ ಕಟ್ಟುವ ಗವಂಡಿ ಕೆಲಸ ಮಾಡುತ್ತಿದ್ದ. ತಂಗಿ ಸವಿತಾ, ಮನೆಯಲ್ಲಿ ಸವಿ, ಹುಟ್ಟಿ ಬೆಳೆದದ್ದೆಲ್ಲ ಇಲ್ಲೇ. ಘೋಡಬಂದರ್ ರಸ್ತೆಯ ಮಾಲಿನಲ್ಲಿ ಬಟ್ಟೆ ಅಂಗಡಿಯ ಕೆಲಸಕ್ಕೆ ಹೋಗುತ್ತಿದ್ದಳು. ಅದೇ ಅಂಗಡಿಯ ನಿತಿನ್‌ನನ್ನು ಮೆಚ್ಚಿಕೊಂಡಳು. ಮರಾಠಿ ಹುಡುಗ, ಜಾತಿ ಬೇರೆ, ನೆರೂಳದಲ್ಲಿ ಒಂದು ಬಾಡಿಗೆ ಕೋಣೆ. ಅಪ್ಪ ಒಪ್ಪುವ ಮಾತೇ ಇರಲಿಲ್ಲ. ಒಂದು ಸಂಜೆ ಠಾಕುರ್ಲಿ ಸ್ಟೇಷನ್ನಿನ ಸೇತುವೆಯ ಮೇಲೆ ನನ್ನನ್ನು ನಿಲ್ಲಿಸಿದಳು.

“ಅಣ್ಣಾ, ಗುರುವಾರ ಮಾಳಶೇಜ್ ಘಾಟಿನ ಕಡೆ ಗುಡ್ಡದ ಮ್ಯಾಲಿನ ದೇವಿ ಗುಡ್ಯಾಗ ಲಗ್ನ ಆಗಾಕತ್ತೀವಿ. ನೀ ಬಂದು ಫೋಟೋ ತಗೀಬೇಕು. ರಜಿಸ್ಟರ್ ಮಾಡಾಕ ಫೋಟೋ ಬೇಕಂತ.”

“ಹುಚ್ಚಿ, ಅಪ್ಪ ನನ್ನ ಕಾಲು ಮುರೀತಾನ.”

“ಮುರದ್ರ ನಾ ಮಾಲೀಶ್ ಮಾಡ್ತೀನಿ. ಟೆನ್ಶನ್ ಕ್ಯೂಂ ಲೇತಾ ಹೈ?” ಎಂದು ನಕ್ಕಳು. ನಗು ನಿಂತ ಮೇಲೆ, “ನಮ್ಮ ಮನಿಯವರು ಒಬ್ಬರಾದ್ರೂ ಇರ್ಲಿ ಅಣ್ಣಾ,” ಎಂದಳು.

ಹೂಂ ಎಂದೆ. ಆದರೆ ಅದೇ ತಿಂಗಳು ಊರ ಕಡೆ ನನಗೊಂದು ಹೆಣ್ಣು ಗೊತ್ತಾಗಿತ್ತು. ತಂಗಿ ಓಡಿಹೋದಳೆಂದರೆ ಆ ಸಂಬಂಧ ಮುರಿಯುವುದು ಖಂಡಿತವಾಗಿತ್ತು. ತಂಗಿಗೆ ಇಲ್ಲವೆನ್ನಲು ಬಾಯಿ ಬರಲಿಲ್ಲ, ಅವಳ ಕೆಲಸ ಮಾಡಲು ಮನಸ್ಸೂ ಬರಲಿಲ್ಲ.

ನಮ್ಮ ಕಸುಬಿನಲ್ಲಿ ಒಂದು ಉಪಾಯವಿದೆ. ಮದುವೆ ಮನೆಯಲ್ಲಿ ದೂರದ ನೆಂಟರೆಲ್ಲ ಗುಂಪುಗಟ್ಟಿ ಬಂದು ನಮ್ಮದೊಂದು ತೆಗಿ ಎಂದು ಪೀಡಿಸಿದರೆ, ಕ್ಯಾಮೆರಾದ ಕಾರ್ಡ್ ತೆಗೆದು ಕಿಸೆಗೆ ಹಾಕಿಕೊಂಡು ಸುಮ್ಮನೆ ಫ್ಲ್ಯಾಶ್ ಹೊಡೆಯುತ್ತೇವೆ. ತೆಗೆದದ್ದು ಹಿಂದಿನ ಪರದೆಯಲ್ಲಿ ಒಂದು ಕ್ಷಣ ಕಾಣಿಸಿ ಅಳಿಸಿಹೋಗುತ್ತದೆ. ಎಲ್ಲಿಯೂ ಉಳಿಯುವುದಿಲ್ಲ. ನೆಂಟರು ಖುಷಿಯಾಗಿ ಊಟಕ್ಕೆ ಹೋಗುತ್ತಾರೆ. ಸ್ಟುಡಿಯೋದ ಯಜಮಾನರು ಕಲಿಸಿದ ಈ ಉಪಾಯವನ್ನು ನಾನು ನನ್ನ ತಂಗಿಯ ಮೇಲೆ ಪ್ರಯೋಗಿಸಿದೆ.

ಆ ಗುರುವಾರ ಬೆಳಿಗ್ಗೆ ಗುಡ್ಡದ ತುಂಬ ಮಂಜು ಇತ್ತು. ಪೂಜಾರಿ, ಅವರಿಬ್ಬರು, ನಾನು. ಬೇರೆ ಯಾರೂ ಇರಲಿಲ್ಲ. ಪೊಲೀಸರಿಗೆ ಲೊಕೇಶನ್ ಸಿಗುತ್ತದೆಂದು ಅವರಿಬ್ಬರೂ ಫೋನ್ ಬಿಟ್ಟು ಬಂದಿದ್ದರು. “ನಿನ್ನ ಫೋನಿನಾಗೂ ಒಂದೆರಡು ತಗೀ,” ಎಂದಳು ಸವಿ. ಮನೆಯಲ್ಲಿ ಯಾರಾದರೂ ನೋಡಿದರೆ ಏನು ಗತಿ ಎಂದು ಅದನ್ನೂ ತಪ್ಪಿಸಿದೆ. ಚಪ್ಪಲಿ ಬಿಡುವ ನೆಪದಲ್ಲಿ ಗುಡಿಯ ಹಿಂದೆ ಹೋಗಿ ಕಾರ್ಡ್ ತೆಗೆದೆ.

ಅವಳು ಹಸಿರು ಸೀರೆ ಉಟ್ಟಿದ್ದಳು. ನಿತಿನ್ ತಾಳಿ ಕಟ್ಟುವಾಗ ತಲೆ ಬಗ್ಗಿಸಿ ಕೂತಿದ್ದಳು. ಕ್ಯಾಮೆರಾದ ಕಿಂಡಿಯಲ್ಲಿ ನನಗೆ ಅವಳ ಬೈತಲೆ ಮಾತ್ರ ಕಾಣುತ್ತಿತ್ತು. ಗುಂಡಿ ಒತ್ತಿದೆ. ಪರದೆಯ ಮೇಲೆ ಚಿತ್ರ ಮೂಡಿತು. ಅದರಲ್ಲಿ ಸವಿ ತಲೆಯೆತ್ತಿ ನೇರವಾಗಿ ನನ್ನನ್ನು ನೋಡುತ್ತಿದ್ದಳು.

ನಾನು ಒತ್ತಿದ ಗಳಿಗೆಗೆ ತಲೆ ಎತ್ತಿರಬೇಕು ಎಂದುಕೊಂಡೆ. ಎದುರಿಗೆ ನೋಡಿದರೆ ಅವಳು ಬಗ್ಗಿಯೇ ಇದ್ದಳು. ಪೂಜಾರಿಯ ಕೈ ಅವಳ ತಲೆಯ ಮೇಲಿತ್ತು. ಇನ್ನೊಮ್ಮೆ ಒತ್ತಿದೆ, ಹಾಗೆಯೇ ಕಂಡಿತು. ಕುಂಕುಮ ಇಡುವಾಗ ಅವಳು ಕಣ್ಣು ಮುಚ್ಚಿದ್ದಳು. ಪರದೆಯಲ್ಲಿ ಆ ಕಣ್ಣುಗಳು ತೆರೆದಿದ್ದವು. ಸಿಟ್ಟಿರಲಿಲ್ಲ. ಚಿಕ್ಕವಳಿದ್ದಾಗ ನಾನು ತಿನ್ನುವುದನ್ನು ನೋಡುತ್ತ, ಅಣ್ಣ ತಾನಾಗಿ ಕೊಡಲಿ ಎಂದು ಕಾಯುತ್ತ ನಿಲ್ಲುತ್ತಿದ್ದಳಲ್ಲ, ಹಾಗೆ ನೋಡುತ್ತಿದ್ದಳು.

ಶಾಸ್ತ್ರ ಮುಗಿದ ಮೇಲೆ ಹತ್ತಿರ ಬಂದಳು. “ಎಲ್ಲಾ ಬಂದಾವೇನು ಅಣ್ಣಾ?”

“ಬಂದಾವ.”

“ಕೊನೀಗೆ ಇನ್ನೊಂದು ತಗೀ. ಇದು ಮಾತ್ರ ಚಂದ ಬರ್ಲಿ.”

ಕಾರ್ಡ್ ನನ್ನ ಅಂಗಿಯ ಕಿಸೆಯಲ್ಲೇ ಇತ್ತು. ಹಾಕಲು ಎಷ್ಟು ಹೊತ್ತು ಬೇಕಿತ್ತು? ಹಾಕಲಿಲ್ಲ. ಇಬ್ಬರೂ ಹಾರ ಹಾಕಿಕೊಂಡು ನನ್ನ ಕಡೆ ನೋಡಿ ನಗುತ್ತ ನಿಂತರು. ಒತ್ತಿದೆ. ಪರದೆಯಲ್ಲಿ ನಿತಿನ್ ನಗುತ್ತಿದ್ದ. ಸವಿ ಮುಖ ತಿರುಗಿಸಿಕೊಂಡಿದ್ದಳು.

ಕಾರ್ಡ್ ಹಾಳಾಯಿತು, ಒಂದು ಫೋಟೋವೂ ಉಳಿದಿಲ್ಲ ಎಂದು ಮರುದಿನ ಸುಳ್ಳು ಹೇಳಿದೆ. ಸಾಕ್ಷಿ ಹೇಳಲು ಕರೆದರೆ ಪೂಜಾರಿ ಹೆದರಿ, ಇವರನ್ನು ನೋಡಿಯೇ ಇಲ್ಲ ಎಂದ. ಮತ್ತೊಮ್ಮೆ ಮದುವೆಯಾಗಬೇಕೆಂದು ಅವರು ಓಡಾಡುತ್ತಿರುವಾಗಲೇ ನಮ್ಮ ಸೋದರಮಾವ ನಾಲ್ಕು ಜನರನ್ನು ಕಟ್ಟಿಕೊಂಡು ನೆರೂಳಕ್ಕೆ ಹೋದ. ನನ್ನನ್ನೂ ಕರೆದೊಯ್ದ.

“ಬಾಯಕೋ ಆಹೇ ಮಾಝೀ,” ನನ್ನ ಹೆಂಡತಿ ಅವಳು, ಎಂದು ನಿತಿನ್ ಬಾಗಿಲಿಗೆ ಅಡ್ಡ ನಿಂತ.

“ಲಗ್ನ ಆಗೇದಂದ್ರ ಫೋಟೋ ತೋರಸು. ಊರಾಗ ನಾಯಿಗೆ ಹೆಸರಿಟ್ಟರೂ ಫೋಟೋ ಹಾಕ್ತಾರ, ನಿಮ್ಮದು ಒಂದೂ ಇಲ್ಲೇನು?” ಎಂದ ಮಾವ.

ಸವಿ ನನ್ನ ಕಡೆ ತಿರುಗಿದಳು. “ಅಣ್ಣಾ, ನೀ ಇದ್ದೆಲ್ಲ. ಹೇಳು.”

ನಾನು ನೆಲ ನೋಡಿದೆ.

ಅವ್ವನಿಗೆ ಸೀರಿಯಸ್ ಎಂದು ಸುಳ್ಳು ಹೇಳಿ ಅವಳನ್ನು ಕರೆತಂದರು, ಅಲ್ಲಿಂದ ಊರಿಗೆ ಸಾಗಿಸಿದರು. ಆ ಮಳೆಗಾಲ ಅವಳಿಗೆ ಕಾಮಾಲೆ ಆಯಿತು. ನಾಟಿ ಔಷಧಿಯಲ್ಲೇ ದಿನ ತಳ್ಳಿದರು. ಆಸ್ಪತ್ರೆಗೆ ಒಯ್ಯುವಷ್ಟರಲ್ಲಿ ಹೋಗಿಬಿಟ್ಟಳು. ಕನ್ಯೆಯೆಂದೇ ಮಣ್ಣು ಮಾಡಿದರು. ನನ್ನ ಲಗ್ನವೇನೋ ಗೊತ್ತಾದಂತೆಯೇ ನಡೆಯಿತು.

ಬಹಳ ದಿನಗಳ ಮೇಲೆ ಕಲ್ಯಾಣ ಸ್ಟೇಷನ್ನಿನಲ್ಲಿ ನಿತಿನ್ ಸಿಕ್ಕ. ಸುದ್ದಿ ಅವನಿಗೆ ಹೇಗೋ ತಲುಪಿತ್ತು. “ದಾದಾ, ಅವಳದೊಂದು ಫೋಟೋ ಇದ್ದರೆ ಕೊಡು, ಯಾವುದಾದರೂ ಸರಿ,” ಎಂದು ಹಿಂದಿಯಲ್ಲಿ ಕೇಳಿದ. ಮನೆಯಲ್ಲಿದ್ದವನ್ನೆಲ್ಲ ಅಪ್ಪ ಸುಟ್ಟಿದ್ದ. ಅಲ್ಲಿಯೇ ಬೆಂಚಿನ ಮೇಲೆ ಕೂತು ಅವನಿಗೆ ಕಾರ್ಡಿನ ವಿಷಯ ಹೇಳಿದೆ. ಹೊಡೆಯುತ್ತಾನೆ ಎಂದುಕೊಂಡೆ, ಹೊಡೆಯಲಿ ಎಂದೂ ಅನ್ನಿಸಿತು. ಅವನು ಹೊಡೆಯಲಿಲ್ಲ.

ಅವಳಿಗೆ ನನ್ನ ಮೇಲೆ ಅನುಮಾನ ಬಂದಿತ್ತೇ ಎಂದು ಕೇಳಿದೆ.

“ಇಲ್ಲ,” ಎಂದ. “ಗುಡ್ಡ ಇಳಿಯುವಾಗ ದಾರಿಯುದ್ದಕ್ಕೂ ಒಂದೇ ಮಾತು, ನಮ್ಮಣ್ಣ ತೆಗೆದದ್ದು, ಚಂದವೇ ಬಂದಿರುತ್ತದೆ ಅಂತ. ಕಾರ್ಡ್ ಹಾಳಾಯಿತು ಎಂದಾಗಲೂ, ಅಣ್ಣನಿಗೆ ಎಷ್ಟು ಬೇಜಾರಾಗಿದೆಯೋ ಎಂದು ಅತ್ತಳು.” ಇಷ್ಟು ಹೇಳಿ ಬಂದ ಲೋಕಲ್ ಹತ್ತಿ ಹೋದ.

ಅವಳಿಗೆ ಗೊತ್ತಿತ್ತು, ಅದಕ್ಕೇ ಹಾಗೆ ನೋಡಿದಳು ಎಂದು ಅಲ್ಲಿಯವರೆಗೆ ನಾನು ಅಂದುಕೊಂಡಿದ್ದೆ. ಅದು ನನಗೆ ಒಂದು ಬಗೆಯ ಸಮಾಧಾನವೂ ಆಗಿತ್ತು, ಗೊತ್ತಿದ್ದೂ ಸುಮ್ಮನಿದ್ದಳಲ್ಲ ಎಂದು. ಅವಳಿಗೆ ಏನೂ ಗೊತ್ತಿರಲಿಲ್ಲ. ಹಾಗಾದರೆ ಆ ಬೆಳಿಗ್ಗೆ ಪರದೆಯಲ್ಲಿ ನನಗಾಗಿ ಅಷ್ಟು ಹೊತ್ತು ಕಾದು, ಕೊನೆಗೆ ಮುಖ ತಿರುಗಿಸಿಕೊಂಡದ್ದು ಯಾರು? ತೋರಿಸಿ ಕೇಳೋಣವೆಂದರೆ ನನ್ನ ಹತ್ತಿರ ಒಂದು ಚಿತ್ರವೂ ಇಲ್ಲ.