ದೇವಕಮ್ಮ ಮೇಡಂ ಗಿರಣಿಯಲ್ಲಿ ಕೂತದ್ದು

ಶಹಾಪುರದಿಂದ ಸುರಪುರದ ಕಡೆ ಹೊರಟು, ಕಾಲುವೆಯ ಸೇತುವೆ ದಾಟಿ ಬಲಕ್ಕೆ ಹೊರಳಿದರೆ ನಮ್ಮ ಊರು. ಅಲ್ಲಿಯ ಆರೋಗ್ಯ ಕೇಂದ್ರದಲ್ಲಿ ನಾನು ಗುಮಾಸ್ತ. ವೈದ್ಯಕೀಯದ ಗಂಧ ನನಗಿಲ್ಲ. ಆದರೆ ಆಸ್ಪತ್ರೆಯ ಗೋಡೆಯೊಳಗೆ ಕೂತು ಕೂದಲು ಬೆಳ್ಳಗೆ ಮಾಡಿಕೊಂಡವನಾದ್ದರಿಂದ, ಜನ ನನ್ನನ್ನು ಕಾಲುಭಾಗ ಡಾಕ್ಟರೆಂದು ಒಪ್ಪಿಕೊಂಡಿದ್ದಾರೆ. ನನ್ನ ಹೆಂಡತಿ ಚಂದಮ್ಮ ಮಾತ್ರ ಒಪ್ಪಿಲ್ಲ.

ದೇವಕಮ್ಮ ಮೇಡಂ ನಮ್ಮಲ್ಲಿಗೆ ಬಂದಾಗ ಅವರನ್ನು ಏನೆಂದು ಕರೆಯಬೇಕೆಂಬುದೇ ಒಂದು ಸಮಸ್ಯೆಯಾಯಿತು. ಹೆಸರಿನ ಹಿಂದೆ ಡಾಕ್ಟರ್ ಎಂದಿತ್ತು. ಕೈಯಲ್ಲಿ ಸೂಜಿ ಇರಲಿಲ್ಲ, ಕೊರಳಲ್ಲಿ ಎದೆಬಡಿತ ಕೇಳುವ ನಳಿಗೆ ಇರಲಿಲ್ಲ, ಗುಳಿಗೆ ಬರೆದುಕೊಡುವ ಅಧಿಕಾರವೂ ಇರಲಿಲ್ಲ. ಅವರದು ಮನಃಶಾಸ್ತ್ರದ ಡಾಕ್ಟರೇಟು. ಅದು ಮುಗಿದ ಮೇಲೂ ಒಂದು ತರಬೇತಿ ಇರುತ್ತದಂತೆ. ಒಂದು ವರ್ಷ ಹಳ್ಳಿಯಲ್ಲಿ ಕೂತು, ಹಳ್ಳಿಯವರ ಮನಸ್ಸಿನ ಬೇನೆ ಕೇಳಿ, ಹೇಗೆ ಆರೈಕೆ ಮಾಡಬೇಕೆಂದು ಕಲಿಯುವುದು. ಬೆಂಗಳೂರಿನ ಒಂದು ಸಂಸ್ಥೆ ಅವರನ್ನು ಕಳಿಸಿತ್ತು. ಬೆಂಗಳೂರು ಕಳಿಸಿದ್ದರೂ ಅವರು ಯಾದಗಿರಿ ತಾಲ್ಲೂಕಿನ ರಾಮಸಮುದ್ರದವರೇ. ಅವರ ಅವ್ವ ಹಣಮಂತಮ್ಮ ಕಾಲುವೆ ಬಂದ ಮೇಲೆ ನಮ್ಮ ಕಡೆಯ ಗದ್ದೆಗಳಿಗೆ ಭತ್ತದ ನಾಟಿಗೆಂದು ಬರುತ್ತಿದ್ದವಳು. ಮಗಳನ್ನು ಬಿಡಲು ಬಂದವಳು ನನ್ನನ್ನು ಪಕ್ಕಕ್ಕೆ ಕರೆದು ಕೇಳಿದಳು:

"ಸಾಹೇಬ್ರ, ಒಂದ್ ಮಾತು ಖರೇ ಹೇಳ್ರಿ. ಈಕಿ ಇನ್ನೂ ಪಾಸ್ ಆಗಿಲ್ಲೇನ್ರಿ? ಮೂವತ್ತು ದಾಟ್ಯಾವ, ಇನ್ನೂ ಪರೀಕ್ಷೆ ಅಂತಾಳ."

"ಎಲ್ಲಾ ಪಾಸ್ ಆಗ್ಯಾರಬೇ. ಇದು ಅದರ ಮ್ಯಾಲಿಂದು."

"ಮ್ಯಾಲಿಂದು ಇನ್ನೆಷ್ಟು ಅದಾವೋ, ಆ ಬುದ್ಧನಿಗೇ ಗೊತ್ತು," ಎಂದು ಆಕೆ ಸೆರಗು ಸಿಕ್ಕಿಸಿ ನಡೆದಳು.

ಕೋಣೆ ಕೊಟ್ಟವನು ನಾನೇ. ಹಳೆಯ ಲಸಿಕೆ ಕೋಣೆಯನ್ನು ತೊಳೆಸಿ, ಬಾಗಿಲಿಗೆ ಚಿಲಕ ಹಾಕಿಸಿ, ಮೇಲೊಂದು ಬೋರ್ಡು ಬರೆಸಿದೆ: 'ಮಾನಸಿಕ ರೋಗಿಗಳ ವಿಭಾಗ'. ಕೆಂಪು ಬಣ್ಣ ನನ್ನ ಆಯ್ಕೆ. ಬಸ್ ನಿಲ್ದಾಣದಿಂದಲೂ ಕಾಣಲಿ ಎಂಬ ಸದುದ್ದೇಶ. ಕಂಡಿತು. ಕಂಡದ್ದರಿಂದಲೇ ಮಳೆಗಾಲ ಕಳೆಯುವವರೆಗೂ ಆ ಕೋಣೆಗೆ ಒಬ್ಬರೂ ಬರಲಿಲ್ಲ. ಒಮ್ಮೆ ಈಶಪ್ಪ ಬಂದ. ನಾಯಿ ಕಡಿದಿತ್ತು, ಸೂಜಿ ಹಾಕಿಸಿಕೊಳ್ಳಲು ಬಂದವನು ತಪ್ಪಿ ಹೊಕ್ಕ. ಒಳಗೆ ಕೂತ ಮೇಲೆ ಬೋರ್ಡಿನ ನೆನಪಾಗಿ, ನಾಯಿ ಬೆನ್ನು ಹತ್ತಿದಾಗ ಓಡಿದ್ದಕ್ಕಿಂತ ಜೋರಾಗಿ ಓಡಿದ.

"ಜನಕ್ಕ ತಿಳುವಳಿಕಿ ಇಲ್ರಿ ಮೇಡಂ," ಎಂದೆ ನಾನು, ತಿಳುವಳಿಕೆಯಿದ್ದವನ ಹಾಗೆ.

"ಜನಕ್ಕ ಚಲೋ ತಿಳುವಳಿಕಿ ಅದ ಅಣ್ಣಾರ," ಎಂದರು ಅವರು. "ಒಬ್ಬಾಕಿ ಈ ಬಾಗಿಲು ಹಾಕ್ಕೊಂಡು ಒಳಗ ಕುಂತ್ರ, ಆಕಿ ಹೊರಗ ಬರೂದ್ರಾಗ ಊರಾಗ ಆಕಿ ಮಗಳ ಸಂಬಂಧ ಮುರಿದಿರ್ತದ. ನಾನಿದ್ರೂ ಬರ್ತಿದ್ದಿಲ್ಲ."

ಅವರು ಕೋಣೆ ಬಿಟ್ಟದ್ದು ಜೋಳ ಬೀಸಿಸಲು ಹೋಗಿ. ಕಾಲುವೆ ಬಂದು ಊರ ಸುತ್ತ ಭತ್ತವೇ ಆದರೂ ನಮ್ಮ ಬಾಯಿ ಇನ್ನೂ ರೊಟ್ಟಿಯದೇ. ಊರಿಗೆಲ್ಲ ಹಜರಾಬೀಯ ಗಿರಣಿ ಒಂದೇ. ಗಂಡ ತೀರಿಕೊಂಡ ಮೇಲೆ ಒಬ್ಬಳೇ ನಡೆಸುತ್ತಾಳೆ. ಯಂತ್ರದ ಪಟ್ಟಾ ತಿರುಗಲು ಶುರುವಾದರೆ ಪಕ್ಕದಲ್ಲಿದ್ದವರು ಕೂಗಿದರೂ ಕೇಳದು. ಕಿವಿಗೆ ಬಾಯಿ ಹಚ್ಚಿಯೇ ಮಾತಾಡಬೇಕು. ಮೇಡಂ ಪಾಳಿ ಕಾಯುತ್ತ ನಿಂತಾಗ ಯಾರೋ ಒಬ್ಬ ಹೆಂಗಸು ಹಾಗೇ ಕಿವಿಗೆ ಬಾಯಿ ಹಚ್ಚಿ, ತನ್ನ ತಾಯಿಗೂ ಹೇಳದ ಮಾತನ್ನು ಹೇಳಿದಳಂತೆ. ಯಾರು, ಏನು ಎಂದು ನನಗೆ ಗೊತ್ತಿಲ್ಲ. ಕೇಳಿದೆ, ಹೇಳಲಿಲ್ಲ.

ಮರುದಿನವೇ ಅವರು ಹಜರಾಬೀಯ ಹತ್ತಿರ ಗಿರಣಿಯ ಮೂಲೆ ಕೇಳಿದರು. ಚೀಲಗಳ ಮರೆಯಲ್ಲಿ ಎರಡು ಮಣೆ ಹಿಡಿಸುವಷ್ಟು ಜಾಗ.

"ಬಾಡಗಿ ಏನು ತಗೋತೀರಿ ಚಾಚಿ?"

"ಅರೆ, ಬಾಡಗಿ ಯಾಕ ಬೇಟಿ? ಹಿಟ್ಟು ಮೈಗೆ ಹತ್ತತದ, ನಿನ್ನ ಸೀರಿ ಬೆಳ್ಳಗಾಗತದ, ಅದನ್ನ ಬಾಡಗಿ ಅನ್ಕೊ," ಎಂದಳು ಹಜರಾಬೀ.

ಅಂದಿನಿಂದ ಮೇಡಂ ಕೂರುವ ಮಂಗಳವಾರ ಮತ್ತು ಶುಕ್ರವಾರ ಗಿರಣಿಯ ಮುಂದೆ ಬುಟ್ಟಿ, ಡಬ್ಬಿಗಳ ಸಾಲು ಬೆಳೆಯಿತು. ಮನೆಯ ಗಂಡಸರಿಗೆ ಒಂದೇ ಸೋಜಿಗ: ಇವರು ಇಷ್ಟು ಹಿಟ್ಟನ್ನು ಏನು ಮಾಡುತ್ತಾರೆ? ನಮ್ಮ ಚಂದಮ್ಮನೂ ಒಂದು ಸೇರು ಜೋಳ ಹಿಡಿದು ವಾರಕ್ಕೆರಡು ಸಲ ಹೊರಡತೊಡಗಿದಳು. ನನಗೆ ಕಸಿವಿಸಿ. ಅವಳಿಗೆ ಹೇಳಿಕೊಳ್ಳುವಂಥ ಕಷ್ಟ ಏನಿದ್ದೀತು ಎಂದು ಯೋಚಿಸಿದಾಗಲೆಲ್ಲ ಕನ್ನಡಿಯ ಮುಂದೆ ನಿಂತಿರುತ್ತಿದ್ದೆ.

"ಮೇಡಂ, ನಮ್ಮಾಕಿ ನಿಮ್ಮ ಹತ್ರ ಕುಂದ್ರತಾಳೇನ್ರಿ?"

"ಯಾರ್ರಿ ನಿಮ್ಮಾಕಿ?"

"ಚಂದಮ್ಮ. ನಿಮಗ ಗೊತ್ತಲ್ರಿ!"

"ಗಿರಣಿಗೆ ಭಾಳ ಮಂದಿ ಬರ್ತಾರ ಅಣ್ಣಾರ. ಜ್ವಾಳ ಬೀಸ್ಯಾಕ," ಎಂದು ಅವರು ನೆಟ್ಟಗೆ ನನ್ನ ಮುಖ ನೋಡಿದರು. ಆ ನೋಟಕ್ಕೆ ನಾನು ರಜಾ ಅರ್ಜಿಗಳ ಕಡೆ ತಿರುಗಿದೆ.

ತೊಂದರೆ ಬಂದದ್ದು ಬೆಂಗಳೂರಿನಿಂದ. ತರಬೇತಿಯ ನಿಯಮದ ಪ್ರಕಾರ, ಬಂದವರ ಒಪ್ಪಿಗೆ ಪಡೆದು ಮಾತುಕತೆಯನ್ನು ಧ್ವನಿಮುದ್ರಿಸಿ, ಮೇಲ್ವಿಚಾರಕರಿಗೆ ಕಳಿಸಬೇಕು. ಅವರು ಕೇಳಿ, ತಿದ್ದಿ, ವರ್ಷದ ಕೊನೆಗೆ ಸಹಿ ಹಾಕಬೇಕು. ಸಹಿಯಿಲ್ಲದಿದ್ದರೆ ವರ್ಷ ನೀರಿಗೆ ಹಾಕಿದಂತೆ. ದೇವಕಮ್ಮನವರು ಕಳಿಸಿದ ಧ್ವನಿಮುದ್ರಣದಲ್ಲಿ ಮೊದಲಿನಿಂದ ಕೊನೆಯವರೆಗೂ ಗಿರಣಿ ಮಾತ್ರ ಇತ್ತು.

ನಮ್ಮ ಊರಲ್ಲಿ ಮೊಬೈಲ್ ಸಿಗ್ನಲ್ ಸಿಗುವುದು ನನ್ನ ಮೇಜಿನ ಪಕ್ಕದ ಕಿಟಕಿಯಲ್ಲಿ. ಹೀಗಾಗಿ ಮೇಲ್ವಿಚಾರಕಿ ಕಾತ್ಯಾಯಿನಿ ಮೇಡಂ ಅವರ ದನಿ ನನಗೂ ಕೇಳಿತು. "ಏನಮ್ಮ ಇದು ದೇವಕಿ? ವಿಮಾನದ ರೆಕ್ಕೆ ಮೇಲೆ ಕೂತು ಮಾತಾಡಿಸಿದ್ದೀರಾ? ನಿಶ್ಶಬ್ದವಾದ, ಬಾಗಿಲಿರೋ ಕೋಣೆ ಇರಬೇಕು ಅಂತ ಮೊದಲನೇ ದಿನವೇ ಹೇಳಿದ್ದೆ. ನಾಲ್ಕು ಜನರ ಮಧ್ಯೆ ಕೂತರೆ ಗುಟ್ಟು ಎಲ್ಲಿ ಉಳಿಯುತ್ತೆ?"

"ಬಾಗಿಲು ಹಾಕಿದ್ರ ಇಲ್ಲಿ ಗುಟ್ಟು ಉಳಿಯಂಗಿಲ್ಲ ಮೇಡಂ. ಬಂದು ನೋಡ್ರಿ."

"ಬರ್ತೀನಿ. ಅಲ್ಲಿವರೆಗೆ ಕೋಣೆಗೆ ವಾಪಸ್ ಹೋಗಿ."

"ಹೋಗಂಗಿಲ್ರಿ," ಎಂದರು ದೇವಕಮ್ಮ. ಇಷ್ಟು ಮೆಲ್ಲಗೆ ಯಾರಾದರೂ ಇಷ್ಟು ಗಟ್ಟಿಯಾಗಿ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

ಕಾತ್ಯಾಯಿನಿ ಮೇಡಂ ಒಂದು ಮಂಗಳವಾರ ಯಾದಗಿರಿಯವರೆಗೆ ರೈಲಿನಲ್ಲಿ, ಅಲ್ಲಿಂದ ಕಾರಿನಲ್ಲಿ ಬಂದರು. ಕೆಟ್ಟವರಲ್ಲ. ಕಾರಿನಿಂದ ಇಳಿದವರೇ ನನ್ನ ಬೋರ್ಡು ನೋಡಿ, "ಇದನ್ನ ಬರೆಸಿದ ಮಹಾನುಭಾವರು ಯಾರು?" ಎಂದರು. ನಾನು ಲಗುಬಗೆಯಿಂದ ಅವರನ್ನು ಗಿರಣಿಗೆ ಕರೆದೊಯ್ದೆ.

ಒಳಗೆ ಹಿಟ್ಟಿನ ಮಂಜು. ಹೆಂಗಸರು ಬುಟ್ಟಿಗಳ ಪಕ್ಕ ಕುಕ್ಕರಗಾಲಲ್ಲಿ ಕೂತಿದ್ದರು. ಚೀಲಗಳ ಸಂದಿಯಿಂದ ದೇವಕಮ್ಮನವರ ತಲೆಯೂ ಅದಕ್ಕೆ ತಾಗಿದ ಇನ್ನೊಂದು ತಲೆಯೂ ಕಾಣುತ್ತಿದ್ದವು. ಗಿರಣಿ ಅಬ್ಬರಿಸುತ್ತಿತ್ತು. ಕಾತ್ಯಾಯಿನಿ ಮೇಡಂ ನನ್ನ ಕಡೆ ಬಾಗಿ ಏನೋ ಅಂದರು, ನನಗೆ ಕೇಳಲಿಲ್ಲ. ನಾನೂ ಏನೋ ಅಂದೆ, ಅವರಿಗೂ ಕೇಳಲಿಲ್ಲ. ದೇವಕಮ್ಮನವರ ವಾದ ಅಲ್ಲಿಗೇ ಗೆದ್ದಿತೆಂದು ನಾನು ಖುಷಿಪಡುವಷ್ಟರಲ್ಲಿ ಕರೆಂಟು ಹೋಯಿತು.

ಪಟ್ಟಾ ನಿಂತಿತು. ಒಮ್ಮೆಲೇ ಅಷ್ಟು ಮೌನ. ಗಿರಣಿಯ ಸದ್ದಿಗೆ ದನಿಯೇರಿಸಿ ಮಾತಾಡುತ್ತಿದ್ದ ಮೂಲೆಯ ಆ ಹೆಂಗಸಿನ ಮಾತು, ತಡೆಯಲು ಆಗದೆ, ಆ ಮೌನದ ನಟ್ಟನಡುವೆ ಬಂದು ಬಿತ್ತು. ಒಂದೇ ವಾಕ್ಯ. ಎಲ್ಲರಿಗೂ ಕೇಳಿತು. ನನಗೂ ಕೇಳಿತು. ಅದು ನಗುವ ಮಾತಲ್ಲ, ಬದುಕು ಸಾಕೆನಿಸಿದವರ ಮಾತು. ಏನೆಂದು ಇಲ್ಲಿ ಬರೆಯುವುದಿಲ್ಲ. ಊರಿನ ಸುದ್ದಿಯನ್ನೆಲ್ಲ ಬರೆದು ಕೈ ಸುಟ್ಟುಕೊಂಡವನು ನಾನು, ಇದೊಂದನ್ನು ಬರೆಯೆನು.

ಆ ಹೆಂಗಸು ಎದ್ದು ನಿಲ್ಲಲು ಹೊರಟಳು. ದೇವಕಮ್ಮ ಆಕೆಯ ಕೈ ಹಿಡಿದರು. ಕಾತ್ಯಾಯಿನಿ ಮೇಡಂ ಕಣ್ಣು ಮುಚ್ಚಿದರು.

ಆಗ ಹಜರಾಬೀ ಕಾಳಿನ ಡಬ್ಬಿಯ ಮುಚ್ಚಳ ತೆಗೆದು ಗೋಡೆಗೆ ಬಡಿದಳು. "ಏ ಮಲಕಮ್ಮಾ! ನಿನ್ನ ಬುಟ್ಟಿ ಯಾರು ಮುಂದ ಸರಿಸಿದ್ರು? ಪಾಳಿ ಮುರೀತಿಯಾ ನನ್ನ ಗಿರಣ್ಯಾಗ?"

ಮಲಕಮ್ಮನ ಬುಟ್ಟಿ ಎಲ್ಲರಿಗಿಂತ ಹಿಂದಿತ್ತು. ಆಕೆ ಒಂದು ಗಳಿಗೆ ಪಿಳಿಪಿಳಿ ನೋಡಿದಳು. ಆಮೇಲೆ ಸೊಂಟಕ್ಕೆ ಕೈಯಿಟ್ಟು ಎದ್ದಳು. "ಹೌದು, ಸರಿಸೀನಿ! ಏನೀಗ? ಗಿರಣಿ ನಿಂದಾದ್ರ ರಾಜ್ಯಾನೂ ನಿಂದೇನು?"

"ರಾಜ್ಯಾನೂ ನಂದ! ಹೊರಗ ನಡಿ!"

"ಏ, ನಾ ಹೊತ್ತು ಹುಟ್ಟೂದ್ರಾಗ ಬಂದು ಡಬ್ಬಿ ಇಟ್ಟೀನಿ, ಹಿಂದಿಂದ ಬಂದ ಮಹಾರಾಣ್ಯಾರು ನೀವು ಯಾರು?" ಎಂದು ಜೈತುನಬೀ ನಡುವೆ ಹಾರಿದಳು. ಆಕೆ ಬಂದದ್ದು ನನ್ನ ಕಣ್ಣೆದುರಿಗೇ, ಆಗಷ್ಟೇ. ಇನ್ನೊಬ್ಬಳು ಜರಡಿ ಬಡಿದಳು, ಮತ್ತೊಬ್ಬಳು ಹಳೆಯ ಜಗಳವೊಂದನ್ನು ಬೇರುಸಹಿತ ಕಿತ್ತು ತಂದಳು. ನನ್ನ ಚಂದಮ್ಮ ಎಲ್ಲರಿಗಿಂತ ಜೋರು. ಮನೆಯ ಅಭ್ಯಾಸ ಅಲ್ಲಿ ಉಪಯೋಗಕ್ಕೆ ಬಂತು.

ನಾನು ಜಗಳ ನಿಜವೆಂದೇ ನಂಬಿದೆ. ಸರಕಾರಿ ನೌಕರನಾಗಿ ಸುಮ್ಮನಿರುವುದು ಸರಿಯಲ್ಲವೆಂದು ನಡುವೆ ಹೋಗಿ ಎರಡೂ ಕೈ ಎತ್ತಿದೆ. "ಸಮಾಧಾನ ಮಾಡ್ಕೋರಿ ತಾಯೇರ! ಕರೆಂಟ ಇಲ್ಲ, ಪಾಳಿ ಯಾತಕ್ಕ?"

ಹಜರಾಬೀ ನನ್ನ ಅಂಗಿ ಹಿಡಿದೆಳೆದು ಹಲ್ಲು ಕಚ್ಚಿ ಹೇಳಿದಳು: "ಅಕಲ್ ಆಸ್ಪತ್ರ್ಯಾಗ ಇಟ್ಟು ಬಂದಿಯೇನೋ ಗುಮಾಸ್ತಾ? ಬಾಯಿ ಮಾಡೋದಿದ್ರ ಮಾಡು, ಇಲ್ಲಂದ್ರ ಹೊರಗ ನಿಂದ್ರು!"

ಆಗ ಹೊಳೆಯಿತು. ಮೂಲೆಗೆ ನೋಡಿದೆ. ಎದ್ದವಳು ಮತ್ತೆ ಕೂತಿದ್ದಳು. ಎರಡು ತಲೆಗಳು ಮತ್ತೆ ತಾಗಿದ್ದವು. ಗಿರಣಿ ಮಾಡುತ್ತಿದ್ದ ಕೆಲಸವನ್ನು ಹೆಂಗಸರು ಗಂಟಲಿನಿಂದ ಮಾಡುತ್ತಿದ್ದರು. ನಾನೂ ಬಾಯಿ ತೆಗೆದೆ. ಜಗಳ ನನಗೆ ಬಾರದು. ಬಾಯಿಗೆ ಬಂದದ್ದು ಕಚೇರಿಯ ಮಾತು. "ಸರದಿಯಲ್ಲಿ ಬನ್ನಿ! ಚೀಟಿ ಮಾಡಿಸಿಕೊಳ್ಳಿ! ಊಟದ ಸಮಯ!" ಎಂದು ಗಂಟಲು ಹರಿಯುವಂತೆ ಕೂಗಿದೆ. ಕರೆಂಟು ಬರುವವರೆಗೂ ಕೂಗಿದೆ.

ಹೊರಗೆ ಬೇವಿನ ಮರದ ಕೆಳಗೆ ಕಾತ್ಯಾಯಿನಿ ಮೇಡಂ ಕಾಯುತ್ತಿದ್ದರು. ದೇವಕಮ್ಮ ಬಂದ ಮೇಲೆ ಹೇಳಿದರು: "ಅವರು ಮಾಡಿದ್ದು ದೊಡ್ಡದು. ಆದರೆ ದೇವಕಿ, ಆ ಮಾತು ಹೊರಗೆ ಬಿತ್ತಲ್ಲ. ಅದನ್ನ ಬೀಳಿಸಿದ್ದು ನಿಮ್ಮ ಗಿರಣಿ. ನಾಳೆ ಆಕೆ ಮುಖ ಎತ್ತಿ ತಿರುಗೋದು ಹೇಗೆ? ಆಕೆ ಮತ್ತೆ ನಿಮ್ಮ ಹತ್ತಿರ ಬಂದರೆ ನಾನು ಸಹಿ ಹಾಕ್ತೀನಿ. ಬರದೇ ಇದ್ದರೆ ಹಾಕೋದಿಲ್ಲ. ಅದು ಶಿಕ್ಷೆ ಅಲ್ಲ, ನಮ್ಮ ಕೆಲಸದ ಲೆಕ್ಕವೇ ಅದು."

"ಒಪ್ಪಿದೆ ಮೇಡಂ," ಎಂದರು ದೇವಕಮ್ಮ. ಮುಖ ಬಿಳಿಚಿಕೊಂಡಿತ್ತು, ಹಿಟ್ಟಿನಿಂದ ಎಂದು ನಾನು ಅಂದುಕೊಂಡೆ. "ಆದ್ರ ಶುಕ್ರವಾರ ನಾ ಇಲ್ಲೇ ಕುಂದ್ರತೀನಿ. ಆಕಿ ನನ್ನ ಹುಡುಕ್ಕೊಂಡು ಬಂದ್ರ ಬರೂದು ಇಲ್ಲಿಗೇ."

ನಡುವಿನ ದಿನಗಳಲ್ಲಿ ದೇವಕಮ್ಮ ಆ ಹೆಂಗಸಿನ ಮನೆಗೆ ಹೋಗುವಂತಿರಲಿಲ್ಲ. ಹೋದರೆ ಬೋರ್ಡು ಹಚ್ಚಿದ ಹಾಗೆಯೇ. ಹಾಗೆಂದು ಆಕೆಯನ್ನು ಒಂಟಿ ಬಿಡುವಂತೆಯೂ ಇರಲಿಲ್ಲ. ಮಾತು ಹೇಗೂ ಹಜರಾಬೀಗೆ ಕೇಳಿತ್ತು. ಅಂದು ಗಿರಣಿಯಲ್ಲೇ ಆ ಹೆಂಗಸಿನ ಒಪ್ಪಿಗೆ ಪಡೆದು, ದಿನಾ ಆಕೆಯ ಮುಖ ನೋಡಿ ಬರುವ ಕೆಲಸವನ್ನು ಮೇಡಂ ಹಜರಾಬೀಗೆ ವಹಿಸಿದರು. ಒಂದೇ ಮನೆಗೆ ಹೋದರೆ ಗೊತ್ತಾದೀತೆಂದು ಹಜರಾಬೀ ದಿನವೂ ಓಣಿಯ ಎಲ್ಲ ಮನೆಗೂ ಹೋದಳು. "ನನ್ನ ಜರಡಿ ನಿಮ್ಮ ಮನ್ಯಾಗ ಬಂದದೇನು?" ಎಂದು ಕೇಳುವುದು, ಕೂತು ಚಹ ಕುಡಿಯುವುದು, ಏಳುವುದು. ಒಂದು ಜರಡಿಗಾಗಿ ಅಷ್ಟು ಚಹ ಕುಡಿದವರು ನಮ್ಮ ಜಿಲ್ಲೆಯಲ್ಲಿ ಬೇರೆ ಯಾರೂ ಇರಲಿಕ್ಕಿಲ್ಲ.

ಊರಲ್ಲಿ ಮಾತು ಹಬ್ಬುತ್ತದೆಂದು ನಾನು ಕಿವಿ ನೆಟ್ಟು ಕಾದೆ. ಚಹದಂಗಡಿಯಲ್ಲಿ ಇಲ್ಲ, ಕಾಲುವೆಯ ಮೆಟ್ಟಿಲ ಮೇಲೆ ಇಲ್ಲ. ಕೊನೆಗೆ ಮನೆಯಲ್ಲೇ ಕೆಣಕಿದೆ.

"ಅವತ್ತು ಗಿರಣ್ಯಾಗ ಕರೆಂಟ ಹೋದಾಗ…"

ಚಂದಮ್ಮ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. "ನಾ ಏನೂ ಕೇಳಿಲ್ಲ. ನೀವು ಕೇಳೀರೇನು?"

"…ಇಲ್ಲ."

"ಹಂಗಾದ್ರ ಸುಮ್ಮನ ಉಣ್ರಿ."

ಶುಕ್ರವಾರ ಬೆಳಿಗ್ಗೆ ನಾನು ಬೀಸಿಸಲು ಏನೂ ಇಲ್ಲದೆ ಗಿರಣಿಯ ಎದುರಿನ ಕಟ್ಟೆಯ ಮೇಲೆ ಕೂತಿದ್ದೆ. ಪಟ್ಟಾ ತಿರುಗತೊಡಗಿತು. ದೇವಕಮ್ಮ ಮೂಲೆಯಲ್ಲಿ ಒಬ್ಬರೇ. ಸಾಲು ಕರಗುತ್ತ ಬಂತು, ಮೂಲೆಗೆ ಯಾರೂ ಹೋಗಲಿಲ್ಲ. ಎಲ್ಲರೂ ಕಾಯುತ್ತಿದ್ದಾರೆಂದು ನನಗೆ ತಿಳಿದದ್ದು ತಡವಾಗಿ. ಹಿಟ್ಟು ಕಟ್ಟಿಕೊಂಡವರೂ ಮನೆಗೆ ಹೋಗಿರಲಿಲ್ಲ. ಬಿಸಿಲು ಏರಿದ ಮೇಲೆ ಓಣಿಯ ತಿರುವಿನಲ್ಲಿ ಒಂದು ಬುಟ್ಟಿ ಕಂಡಿತು. ಅದರಲ್ಲಿ ಎರಡು ಹಿಡಿ ಜೋಳ ಇದ್ದರೆ ಹೆಚ್ಚು. ಹೊತ್ತವಳು ಸೆರಗನ್ನು ಮುಖದ ಮೇಲೆ ಎಳೆದುಕೊಂಡಿರಲಿಲ್ಲ. ನಡುದಾರಿಯಲ್ಲೇ ನಡೆದು ಬಂದಳು. ಮಲಕಮ್ಮ ತನ್ನ ಡಬ್ಬಿಯನ್ನು ಕಾಲಿನಿಂದ ಪಕ್ಕಕ್ಕೆ ಸರಿಸಿ, "ಬಾರವ್ವ, ನಿಂದ ಪಾಳಿ," ಎಂದಳು. ನಾನು ಕಾಲುವೆಯ ಕಡೆ ಮುಖ ತಿರುಗಿಸಿದೆ.

ಆ ಮಧ್ಯಾಹ್ನ ದೇವಕಮ್ಮ ಮೇಡಂ ನನ್ನ ಕಿಟಕಿಗೆ ಬಂದು ಫೋನು ಹಚ್ಚಿದರು. "ಬಂದಾಳ್ರಿ ಮೇಡಂ." ಅಷ್ಟೇ ಹೇಳಿ ಕಣ್ಣೊರೆಸಿಕೊಂಡರು.

 ಕಾತ್ಯಾಯಿನಿ ಮೇಡಂ ಹೇಳಿದರು: "ಸಹಿ ಹಾಕ್ತೀನಮ್ಮ. ಆದರೆ ಒಂದು ಮಾತು. ನಿಮ್ಮ ವರದಿ ಸಮಿತಿ ಮುಂದೆ ಹೋಗುತ್ತೆ. ಸ್ಥಳ 'ಹಿಟ್ಟಿನ ಗಿರಣಿ' ಅಂದರೆ ನಗ್ತಾರೆ, ವಾಪಸ್ಸೂ ಕಳಿಸಬಹುದು. ಆರೋಗ್ಯ ಕೇಂದ್ರದ ಕೋಣೆ ಅಂತ ಬರೆದುಬಿಡಿ. ಯಾರು ನೋಡ್ತಾರೆ?"

ದೇವಕಮ್ಮ ನನ್ನ ಕಡೆ ನೋಡಿದರು. ನಾನು ಬರೆದುಬಿಡಿ ಎಂಬಂತೆ ಜೋರಾಗಿ ತಲೆಯಾಡಿಸಿದೆ. ನನ್ನ ಇಡೀ ನೌಕರಿ ನಡೆದದ್ದೇ ಹಾಗೆ.

"ಇಲ್ರಿ ಮೇಡಂ," ಎಂದರು ಅವರು. "ನಗಲಿ. ವಾಪಸ್ ಕಳಸಲಿ. ಆಕಿ ಹಗಲೊತ್ತಿನ್ಯಾಗ, ಎಲ್ಲಾರ ಮುಂದ, ಮುಖ ಎತ್ಕೊಂಡು ಬಂದಾಳ. ನಾ ಅಷ್ಟೂ ಮಾಡಬಾರದೇನ್ರಿ? ಗಿರಣಿ ಅಂತ ಬರೀತೀನಿ. ಹಜರಾಬೀ ಚಾಚಿ ಗಿರಣಿ ಅಂತ ಪೂರಾ ಹೆಸರು ಬರೀತೀನಿ."