ಅಚ್ಚುತಣ್ಣನ ಕರಿ ಆಯಿಲ್

ಗುತ್ತಿಗಾರಿನಿಂದ ಕಾಡಿನ ಕಡೆಗೆ ಹೋಗುವ ದಾರಿಯಲ್ಲಿ ನನ್ನ ತೋಟ ದಾಟಿ ಒಂದು ಏರು ಹತ್ತಿದರೆ ಅಚ್ಚುತಣ್ಣನ ಮನೆ. ಅಲ್ಲಿಂದ ಮುಂದೆ ಮನೆಗಳಿಲ್ಲ. ಅವರಿಗೆ ಐವತ್ತಾರು ವರ್ಷ, ಮದುವೆ ಆಗಿಲ್ಲ. ಬೇರೆಯವರ ರಬ್ಬರ್ ಮರಗಳಿಗೆ ಗೀರು ಹಾಕಿ ಹಾಲು ಇಳಿಸುವ ಟ್ಯಾಪಿಂಗ್ ಕೆಲಸ ಮಾಡುತ್ತಾರೆ. ಬೆಳಕಾಗುವ ಮೊದಲೇ ಮರಗಳ ನಡುವೆ ಹೋದರೆ ಮಧ್ಯಾಹ್ನಕ್ಕೆ ಮನೆ. ಆಮೇಲೆ ಮಾತಾಡಲು ಮರವೂ ಇಲ್ಲ. ತಂಗಿ ದಮಯಂತಿ ಕಲ್ಲುಗುಂಡಿಯಲ್ಲಿದ್ದಾರೆ. ವರ್ಷಕ್ಕೊಮ್ಮೆ ಬಂದು ಮನೆ ಗುಡಿಸಿ, ಅಣ್ಣನಿಗೆ ಚೆನ್ನಾಗಿ ಬೈದು ಹೋಗುತ್ತಾರೆ.

ಅಚ್ಚುತಣ್ಣನಿಗೆ ಇರುವುದು ಒಂದು ಹಳೆಯ ಪಲ್ಸರ್ ಬೈಕು. ಗ್ಯಾರೇಜಿನವರ ಮೇಲೆ ಅವರಿಗೆ ಕಾಸಿನ ನಂಬಿಕೆ ಇಲ್ಲ. ಆಯಿಲ್, ಫಿಲ್ಟರ್ ಎಲ್ಲ ಬದಲಿಸುವುದು ಅಂಗಳದಲ್ಲೇ. ಐದು ನಿಮಿಷ ಇಂಜಿನ್ ಓಡಿಸಿ, ಆಯಿಲ್ ಬಿಸಿಯಾಗಿ ತೆಳುವಾದ ಮೇಲೆ ಅಡಿಯ ಬೋಲ್ಟ್ ಬಿಚ್ಚಿ ಬೇಸಿನ್‌ಗೆ ಬಿಡುತ್ತಾರೆ. ಕೊನೆಯ ಹನಿ ಬೀಳುವ ತನಕ ಕುಕ್ಕುರುಗಾಲಿನಲ್ಲಿ ಕೂತು ನೋಡುತ್ತಾರೆ. ಹೊಸ ಫಿಲ್ಟರ್ ಕೂರಿಸಿ, ಅದರ ಮುಚ್ಚಳದ ರಬ್ಬರ್ ಉಂಗುರಕ್ಕೆ ಬೆರಳಿನಲ್ಲಿ ಹೊಸ ಆಯಿಲ್ ಸವರುತ್ತಾರೆ. ಮಗುವಿಗೆ ಎಣ್ಣೆ ಹಚ್ಚುವವರಿಗೂ ಅಷ್ಟು ತಾಳ್ಮೆ ಇರುವುದಿಲ್ಲ.

ಇಳಿಸಿದ ಕರಿ ಆಯಿಲ್ ನನಗೆ. ನನ್ನ ಬೇಲಿಯ ಮರದ ಕಂಬಗಳ ಬುಡಕ್ಕೆ ಅದನ್ನು ಹಚ್ಚಿದರೆ ಗೆದ್ದಲು ಹಿಡಿಯುವುದಿಲ್ಲ. ವರ್ಷಕ್ಕೆ ಎರಡು ಸಲ ಫೋನ್ ಬರುತ್ತಿತ್ತು: "ಸಿಜೋ, ಆಯಿಲ್ ತೆಗೆದೆ. ಬೇಕಾದರೆ ಬಾ." ನಾನು ಕ್ಯಾನ್ ಹಿಡಿದು ಹೋಗುತ್ತಿದ್ದೆ. ಕೂತರೆ ಎರಡು ಗಂಟೆ, ಎರಡು ಲೋಟ ಚಾ.

ನಮ್ಮ ಕಡೆ ಯಾರ ಮನೆಗೆ ಹೋದರೂ ಮೊದಲ ಪ್ರಶ್ನೆ "ಎಂತ ಬಂದದ್ದು?" ಅದಕ್ಕೊಂದು ಉತ್ತರ ಬೇಕೇ ಬೇಕು. ಕತ್ತಿ ಬೇಕಿತ್ತು, ಬಾಳೆ ಕಂದು ಉಂಟಾ, ಏನಾದರೊಂದು. ನೋಡಬೇಕು ಅನಿಸಿತು ಎಂದು ಬಂದವರನ್ನು ನಾನು ಕಂಡಿಲ್ಲ.

ಎರಡು ವರ್ಷದ ಹಿಂದೆ ಆನೆಗಳು ತೋಟಕ್ಕೆ ಇಳಿದು ಬೇಲಿಯನ್ನೆಲ್ಲ ಮುರಿದು ಹಾಕಿದವು. ನಾನು ಕಬ್ಬಿಣದ ಕಂಬ ನೆಟ್ಟು ಸೋಲಾರ್ ತಂತಿ ಎಳೆಸಿದೆ. ಕಬ್ಬಿಣಕ್ಕೆ ಎಂತ ಗೆದ್ದಲು? ಅಚ್ಚುತಣ್ಣನ ಫೋನ್ ಬಂದಾಗ "ಬರ್ತೇನೆ" ಎಂದು ಹೇಳಿ ಹೋಗದೆ ಇರತೊಡಗಿದೆ. ಫೋನ್ ಮಾತ್ರ ಹೆಚ್ಚಾಯಿತು. ವರ್ಷಕ್ಕೆ ಎರಡು ಇದ್ದದ್ದು ತಿಂಗಳಿಗೆ ಒಂದಾಯಿತು. ಕಳೆದ ಅಕ್ಟೋಬರ್‌ನಲ್ಲಿ, ಕೊಳೆರೋಗ ಬಂದು ಉದುರಿದ ಅಡಿಕೆಯ ನಡುವೆ ತಲೆ ಕೆಟ್ಟು ನಿಂತಿದ್ದಾಗ ಮತ್ತೆ ರಿಂಗಾಯಿತು.

"ಎಷ್ಟು ಸಲ ಹೇಳುದು ಮಾರಾಯ್ರೆ? ನನಗೆ ನಿಮ್ಮ ಆಯಿಲ್ ಬೇಡ. ಗುಂಡಿಗೆ ಚೆಲ್ಲಿ!" ಎಂದೆ.

"ಹೌದಾ. ಆಯ್ತು" ಎಂದರು. ಬೇಡ ಎಂದು ನಾನು ಅದಕ್ಕೆ ಮೊದಲು ಒಮ್ಮೆಯೂ ಹೇಳಿರಲಿಲ್ಲ. ಆ ಸಿಟ್ಟಿನಲ್ಲಿ ಸುಳ್ಳೂ ಸೇರಿತ್ತು.

ಆಮೇಲೆ ಫೋನ್ ಬರಲಿಲ್ಲ. ನವೆಂಬರ್ ಕಳೆಯಿತು, ಡಿಸೆಂಬರ್ ಬಂತು. ಒಂದು ಭಾನುವಾರ ಚರ್ಚಿನಿಂದ ಬರುವಾಗ ನನ್ನ ಹೆಂಡತಿ ಷಿಜಿಗೆ ವಿಷಯ ಹೇಳಿದೆ. ಆ ಮನುಷ್ಯ ಇಷ್ಟು ದಿನ ನಿಮ್ಮನ್ನು ಕರೆದದ್ದು ಆಯಿಲ್ ಕೊಡಲಿಕ್ಕಾ ಎಂದು ಅವಳು ಕೇಳಿದಳು. ನನಗೆ ನಾಚಿಕೆಯಾಯಿತು. ಆದರೂ ಬರಿಗೈಯಲ್ಲಿ ಹೋಗಲು ಧೈರ್ಯ ಬಾರದೆ ಹಳೆಯ ಕ್ಯಾನ್ ಹುಡುಕಿ ಹಿಡಿದುಕೊಂಡು ಏರು ಹತ್ತಿದೆ.

ಅಚ್ಚುತಣ್ಣ ಅಂಗಳದಲ್ಲಿ ಬೈಕಿನ ಪಕ್ಕ ಕೂತಿದ್ದರು. ಯಾರನ್ನೂ ಕರೆದಿರಲಿಲ್ಲ, ಆದರೂ ಆಯಿಲ್ ಬೇಸಿನ್‌ಗೆ ಇಳಿಯುತ್ತಿತ್ತು. ಜಗಲಿಯಲ್ಲಿ ನನಗೆಂದು ತುಂಬಿಸಿಟ್ಟ ಬಾಟಲಿಗಳು ಸಾಲಾಗಿದ್ದವು. ಆರು ಇರಬಹುದು.

"ಎಂತ ಸಿಜೋ, ಬಂದದ್ದು?" ತಲೆ ಎತ್ತದೆ ಕೇಳಿದರು.

"ಆಯಿಲ್ ಇದ್ದರೆ..." ಎಂದು ಕ್ಯಾನ್ ತೋರಿಸಿದೆ.

"ನಿನ್ನದು ಕಬ್ಬಿಣದ ಕಂಬ ಅಲ್ಲವಾ? ನಾನು ದಿನಾ ಅದೇ ದಾರಿಯಲ್ಲಿ ಹೋಗುದು."

ಅಂದರೆ ಎರಡು ವರ್ಷದಿಂದ ಅವರಿಗೆ ಗೊತ್ತಿತ್ತು. ನನ್ನ ಕಣ್ಣು ಬೇಸಿನ್ ಮೇಲೆ ಬಿತ್ತು. ಆಯಿಲ್ ಕಪ್ಪಾಗಿರಲೇ ಇಲ್ಲ, ಹೊಸ ಆಯಿಲಿನ ಹಾಗೆ ಜೇನಿನ ಬಣ್ಣದಲ್ಲೇ ಇತ್ತು. ಕ್ಯಾನನ್ನು ಕೆಳಗಿಟ್ಟೆ.

"ಸುಮ್ಮನೆ ಬಂದೆ ಅಚ್ಚುತಣ್ಣ. ಅವತ್ತು ನಾನು ಹಾಗೆ ಹೇಳಬಾರದಿತ್ತು."

ಅವರು ಕೈಯನ್ನು ಬಟ್ಟೆಯಲ್ಲಿ ಒರೆಸಿದರು, ಒರೆಸಿದ ಕೈಯನ್ನೇ ಮತ್ತೆ ಒರೆಸಿದರು.

"ಈ ಆಯಿಲ್ ಇನ್ನೂ ಎರಡು ಸಾವಿರ ಕಿಲೋಮೀಟರ್ ಓಡ್ತಿತ್ತು" ಎಂದರು. "ಬೇರೆ ಎಂತ ಹೇಳಿ ನಿನ್ನನ್ನು ಕರೆಯುದು ಅಂತ ನನಗೆ ಗೊತ್ತಾಗಲಿಲ್ಲ."

ಚಾ ಮಾಡಿದರು. ಹಾಲಿರಲಿಲ್ಲ, ಕಪ್ಪು ಚಾ. ಕತ್ತಲಾಗುವ ಮೊದಲು ಎದ್ದೆ. ಕ್ಯಾನನ್ನು ಅಲ್ಲೇ ಬಿಟ್ಟು ಬಂದೆ. ಅವರೂ ನೋಡಿದರು, ಕರೆದು ಕೊಡಲಿಲ್ಲ. ಬರುವ ಭಾನುವಾರ ಅದನ್ನು ತರಲು ಹೋಗಬೇಕು.